ಕುಡಿತ ಬಿಡಲು ಹೊರಟವನಿಗೆ ಜೊತೆ ಬೇಕು

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಅವನ ಕೃಪೆಯಿರಲಿ.



ಕೆಲವು ವಾರಗಳ ಹಿಂದೆ ಒಬ್ಬ ತಾಯಿ ಮಸೀದಿಯ ಗೇಟಿನ ಹೊರಗೆ ನಿಂತು ನಮ್ಮನ್ನು ಕರೆಸಿದರು. ಮಗ ಕುಡಿಯುತ್ತಾನೆ. ಎರಡು ಸಲ ಆಣೆ ಹಾಕಿಸಿದ್ದಾರೆ, ಎರಡು ಸಲವೂ ಮುರಿದಿದ್ದಾನೆ. "ಹಝ್ರತ್, ದುಆ ಮಾಡಿ. ಆದರೆ ಜಮಾಅತ್‌ನವರಿಗೆ ಗೊತ್ತಾಗುವುದು ಬೇಡ, ಮಗಳಿಗೆ ಸಂಬಂಧ ನೋಡುತ್ತಿದ್ದೇವೆ" ಎಂದರು. ಅವರ ಒಪ್ಪಿಗೆ ಪಡೆದೇ ಇಷ್ಟನ್ನು ಹೇಳುತ್ತಿದ್ದೇವೆ. ಆ ತಾಯಿಗೆ ಮಗನ ಕುಡಿತಕ್ಕಿಂತ ನಮ್ಮ ಬಾಯಿಯ ಭಯವೇ ಹೆಚ್ಚಾಗಿತ್ತು.

ಮದ್ಯ ಹರಾಮ್ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಹೇಗೆ ನಿಷೇಧಿಸಲಾಯಿತು ಎಂಬುದನ್ನು ನೆನಪಿಸಿಕೊಳ್ಳೋಣ. ಮೊದಲು ಸೂರಃ ಅಲ್‌ಬಕರದ 219ನೇ ಆಯತ್‌ನಲ್ಲಿ ಅದರ ಕೆಡುಕು ಲಾಭಕ್ಕಿಂತ ದೊಡ್ಡದೆಂದು ತಿಳಿಸಲಾಯಿತು. ಬಳಿಕ ಅನ್ನಿಸಾದ 43ನೇ ಆಯತ್‌ನಲ್ಲಿ ಅಮಲಿನಲ್ಲಿ ನಮಾಝಿನ ಬಳಿ ಬರಬಾರದೆಂದು ಹೇಳಲಾಯಿತು. ಕೊನೆಗೆ ಅಲ್‌ಮಾಇದದ 90ನೇ ಆಯತ್‌ನಲ್ಲಿ ಪೂರ್ಣ ನಿಷೇಧ ಬಂತು. ಅಂದು ಮದೀನದ ಬೀದಿಗಳಲ್ಲಿ ಮದ್ಯ ಹರಿಯಿತು. ಗಮನಿಸಿ, ಒಬ್ಬೊಬ್ಬನೇ ಮನೆಯ ಮೂಲೆಯಲ್ಲಿ ಕುಳಿತು ಬಿಟ್ಟದ್ದಲ್ಲ. ಊರೇ ಒಟ್ಟಾಗಿ ಬಿಟ್ಟಿತು. ನಾವು ಮಾತ್ರ ನಮ್ಮ ಮಗನಿಂದ ಒಂದು ಆಣೆ ಪಡೆದು, ಅವನನ್ನು ಒಂಟಿಯಾಗಿ ಬಿಟ್ಟುಬಿಡುತ್ತೇವೆ.

ಮದೀನದಲ್ಲೂ ಎಡವಿದವರಿದ್ದರು. ಅಬ್ದುಲ್ಲಾ ಎಂಬ ಸಹಾಬಿಯನ್ನು ಇದೇ ತಪ್ಪಿಗೆ ಮತ್ತೆ ಮತ್ತೆ ಕರೆತರಲಾಗುತ್ತಿತ್ತು, ಶಿಕ್ಷೆಯೂ ಆಗುತ್ತಿತ್ತು. ಒಮ್ಮೆ ಯಾರೋ ಅವರನ್ನು ಶಪಿಸಿದಾಗ ಪ್ರವಾದಿವರ್ಯರು(ಸ) ತಡೆದರು. ಆತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುತ್ತಾನೆ ಎಂದು ಸಾಕ್ಷಿ ನುಡಿದರು. ಇದು ಬುಖಾರಿಯಲ್ಲಿದೆ. ನಮ್ಮ ನಾಲಗೆಗೆ ಇದಕ್ಕಿಂತ ಬೇರೆ ಪಾಠ ಬೇಕೇ?

ಇನ್ನು ದಾರಿಯ ಮಾತು. ಆಲ್ಕೊಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ಎ.ಎ., ಎಂಬ ಕೂಟವಿದೆ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ದಲ್ಲಾಳಿ ಮತ್ತೊಬ್ಬ ವೈದ್ಯ, ಪರಸ್ಪರ ಕಷ್ಟ ಹೇಳಿಕೊಂಡು ಕುಡಿತ ಬಿಡಲು ಹೊರಟದ್ದೇ ಇದರ ಆರಂಭ. ಇಂದು ನಮ್ಮ ರಾಜ್ಯದಲ್ಲೂ ಸಭೆಗಳು ನಡೆಯುತ್ತವೆ, ಕನ್ನಡದಲ್ಲೂ ನಡೆಯುತ್ತವೆ. ಶುಲ್ಕವಿಲ್ಲ. ಬಿಡುವ ಮನಸ್ಸಿದ್ದರೆ ಸಾಕು. ಮೊದಲ ದಿನ ಸುಮ್ಮನೆ ಕುಳಿತು ಕೇಳಬಹುದು. ಪೂರ್ಣ ಹೆಸರು ಹೇಳಬೇಕಿಲ್ಲ. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು ಎಂಬುದು ಅಲ್ಲಿನ ರಿವಾಜು.

ನಮ್ಮವರಿಗೆ ಮೂರು ಸಂಶಯಗಳಿವೆ. ತಪ್ಪನ್ನು ಇತರರ ಮುಂದೆ ಹೇಳುವುದು ಸರಿಯೇ? ಪಾಪವನ್ನು ಹೆಮ್ಮೆಯಿಂದ ಸಾರುವುದನ್ನು ಪ್ರವಾದಿವರ್ಯರು(ಸ) ಖಂಡಿಸಿದ್ದಾರೆ, ನಿಜ. ಆದರೆ ಗುಣವಾಗಲೆಂದು ವೈದ್ಯರಿಗೆ ಗಾಯ ತೋರಿಸುವುದು ಸಾರುವುದಲ್ಲ. ಸಭೆ ಚರ್ಚಿನ ಕೋಣೆಯಲ್ಲಿದ್ದರೆ? ಅನೇಕ ಕಡೆ ಅದು ಜಾಗದ ಅನುಕೂಲ ಮಾತ್ರ. ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ. ಅಲ್ಲಿ ಪ್ರಾರ್ಥನೆ ಮಾಡಿದರೆ? ಮೌನವಾಗಿ ನಿಂತು ನಿಮ್ಮ ರಬ್ಬ್‌ನಲ್ಲಿ ನಿಮ್ಮ ದುಆ ಮಾಡಿ. ಯಾರೂ ಬಲವಂತ ಮಾಡುವುದಿಲ್ಲ.

ಒಂದು ಎಚ್ಚರಿಕೆ. ದಿನವೂ ಹೆಚ್ಚು ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಕೆಲವು ದಿನಗಳಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರಿಗೆ ತೋರಿಸಿ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡೂ ಉಚಿತ. ಹತ್ತಿರದ ಸಭೆ ಎಲ್ಲಿ ಎಂದು ವೈದ್ಯರನ್ನೂ ಕೇಳಿ.

ತಾಯಂದಿರೇ, ಸಹೋದರಿಯರೇ, ಕುಡಿಯುವವರ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟವಿದೆ. ಬಾಟಲಿ ಹುಡುಕಿ ಚೆಲ್ಲುವುದರಲ್ಲಿ, ನೆಂಟರ ಮುಂದೆ ಸುಳ್ಳು ಹೇಳುವುದರಲ್ಲಿ ನೀವು ಸೋತಿದ್ದೀರಿ. ಅಲ್ಲಿ ನಿಮ್ಮಂಥವರು ಸಿಗುತ್ತಾರೆ.

ಜಮಾಅತ್‌ನವರಲ್ಲಿ ನಮ್ಮ ಕೋರಿಕೆ ಇಷ್ಟೇ. ಸಭೆಗೆ ಹೋಗುವವನನ್ನು ಬೆರಳು ಮಾಡಿ ತೋರಿಸಬೇಡಿ. ಅವನ ತಂಗಿಯ ಸಂಬಂಧ ಮುರಿಯಬೇಡಿ. ಸಾಧ್ಯವಾದರೆ ಮೊದಲ ದಿನ ಬಾಗಿಲವರೆಗೆ ಜೊತೆಗೆ ಹೋಗಿ. ಅವನು ಮತ್ತೆ ಜಾರಿದರೆ ಮತ್ತೆ ಹೋಗಿ. ಸಫ್‌ನಲ್ಲಿ ಅವನಿಗೆ ನಿಮ್ಮ ಪಕ್ಕದಲ್ಲೇ ಜಾಗ ಕೊಡಿ.

ಆ ತಾಯಿಯ ಮಗ ಆಸ್ಪತ್ರೆಗೆ ಹೋಗಿ ಬಂದಿದ್ದಾನೆ, ಮೂರು ಸಭೆಗಳಿಗೂ ಹೋಗಿದ್ದಾನೆ. ಮುಂದಿನದನ್ನು ಅಲ್ಲಾಹನೇ ಬಲ್ಲ. ಅವನಿಗೂ ಅವನಂಥ ಎಲ್ಲರಿಗೂ ಅಲ್ಲಾಹನು ಸ್ಥಿರತೆ ನೀಡಲಿ. ಇತರರ ಕೊರತೆಗಳನ್ನು ಮುಚ್ಚುವ ಮನಸ್ಸನ್ನು ನಮಗೂ ನೀಡಲಿ. ಆಮೀನ್.