ರಿಜಿಸ್ಟರಿಗೆ ಬೀಗ ಹಾಕಲು ಇವರು ಯಾರು?

(ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾನು ಪಿಯುಸಿ ಓದಿ ಪ್ರಿಂಟಿಂಗ್ ಪ್ರೆಸ್ ಇಟ್ಟವನು. ನಾನು ಅಚ್ಚು ಹಾಕುವ ಲಗ್ನಪತ್ರಿಕೆಗಳಲ್ಲಿ ‘ಗುರು ಹಿರಿಯರು ನಿಶ್ಚಯಿಸಿರುವಂತೆ’ ಎಂಬ ಸಾಲು ತಪ್ಪುವುದೇ ಅಪರೂಪ. ಮೊದಲು ಗುರು, ಆಮೇಲೆ ಹಿರಿಯರು, ಕೊನೆಗೆ ಮದುವೆಯಾಗುವ ಇಬ್ಬರು! ಸಲಿಂಗ ವಿವಾಹದ ಜಗಳವೂ ಇದೇ ಸಾಲಿನದು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕ ಸಲಿಂಗಿಗಳ ಒಪ್ಪಿತ ಸಂಬಂಧ ಅಪರಾಧವಲ್ಲ ಎಂದಿತು. ಹಾಗಾದರೆ ಮದುವೆ? 2023ರಲ್ಲಿ ಐವರು ನ್ಯಾಯಮೂರ್ತಿಗಳು ಹತ್ತು ದಿನ ವಾದ ಕೇಳಿದರು. ಜಮೀಯತ್ ಉಲಮಾ-ಇ-ಹಿಂದ್ ಕೋರ್ಟಿಗೇ ಹೋಗಿ ವಿರೋಧಿಸಿತು. ವಿಶ್ವ ಹಿಂದೂ ಪರಿಷತ್ತೂ ವಿರೋಧಿಸಿತು. ಹಾವು ಮುಂಗುಸಿಯಂತಿದ್ದವರು ಇಲ್ಲಿ ಮಾತ್ರ ಒಂದೇ ಪಂಕ್ತಿಯಲ್ಲಿ ಕೂತರು! ಕೇಂದ್ರ ಸರ್ಕಾರವೋ, ಇದು ಪಟ್ಟಣದ ಮೇಲ್ವರ್ಗದವರ ವಿಚಾರ ಎಂದಿತು. ಅಕ್ಟೋಬರ್ 17ರಂದು ತೀರ್ಪು ಬಂತು: ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಸಂಸತ್ತಿನ ಕೆಲಸ. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ಬಿದ್ದವು.

ಅರ್ಜಿದಾರರು ಕೇಳಿದ್ದೇನು? ಗುಡಿಯ ಮಂಟಪವನ್ನೇ? ನಿಕಾಹನ್ನೇ? ಅಲ್ಲ. ಮುಖ್ಯವಾಗಿ 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ. ಅಲ್ಲಿ ಪುರೋಹಿತರಿಲ್ಲ, ಖಾಜಿಯಿಲ್ಲ, ಪಾದ್ರಿಯಿಲ್ಲ. ವಿವಾಹಾಧಿಕಾರಿ, ಮೂವರು ಸಾಕ್ಷಿಗಳು, ಮೂವತ್ತು ದಿನದ ನೋಟೀಸು, ಅಷ್ಟೇ. ಶಾಸ್ತ್ರ ಒಪ್ಪದ ಮದುವೆಯನ್ನು ಮಠವಾಗಲಿ, ಮಸೀದಿಯಾಗಲಿ, ಚರ್ಚಾಗಲಿ ಮಾಡಿಸಬೇಕಿಲ್ಲ. ಅದು ಅವರ ಹಕ್ಕು. ಆದರೆ ಸರ್ಕಾರಿ ಕಚೇರಿಯ ರಿಜಿಸ್ಟರಿಗೆ ಬೀಗ ಹಾಕುವ ಅಧಿಕಾರ ಇವರಿಗೆ ಕೊಟ್ಟವರು ಯಾರು ಸ್ವಾಮಿ?

ಹನ್ನೆರಡನೇ ಶತಮಾನದ ಕಲ್ಯಾಣವನ್ನು ನೆನೆಯಿರಿ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದಾಗ ಧರ್ಮ ಕೆಟ್ಟಿತೆಂದೇ ಕೂಗಿದರು. ಆ ಇಬ್ಬರು ತಂದೆಯರ ಜೀವವನ್ನೇ ತೆಗೆದರು. ಶರಣರು ಸಲಿಂಗ ವಿವಾಹ ಮಾಡಿಸಿದರೆಂದು ನಾನು ಹೇಳುತ್ತಿಲ್ಲ. ಧರ್ಮ ಕೆಟ್ಟಿತೆಂಬ ಕೂಗು ಎಷ್ಟು ಹಳೆಯದು ಎಂದಷ್ಟೇ ಹೇಳುತ್ತಿದ್ದೇನೆ.

2024ರಲ್ಲಿ ಕೇಂದ್ರವೇ, ಇಂಥ ಜೋಡಿಗೆ ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿಯಿಲ್ಲ, ಪಡಿತರ ಚೀಟಿಗೆ ಒಂದೇ ಮನೆಯವರೆಂದು ಎಣಿಸಿ ಎಂದು ತಿಳಿಸಿತು. ಒಂದೇ ಚೀಟಿಯಲ್ಲಿ ಅಕ್ಕಿ ತರಬಹುದು, ಒಂದೇ ರಿಜಿಸ್ಟರಿನಲ್ಲಿ ರುಜು ಹಾಕುವಂತಿಲ್ಲ! ಇಪ್ಪತ್ತು ವರ್ಷ ಜೊತೆಗೆ ಬಾಳಿದವರಲ್ಲಿ ಒಬ್ಬರು ಉಯಿಲು ಬರೆಯದೆ ಸತ್ತರೆ, ಆಸ್ತಿ ಎಂದೂ ಹೊಸಿಲು ತುಳಿಯದ ದಾಯಾದಿಗಳ ಪಾಲು. ಉಳಿದ ಜೀವಕ್ಕೆ ಕುಟುಂಬ ಪಿಂಚಣಿಯೂ ಇಲ್ಲ.

ಮೇಲ್ವರ್ಗದವರ ವಿಚಾರವಂತೆ! ಕನ್ನಡ ಶಾಲೆಯಲ್ಲಿ ಕಲಿತ ಹಳ್ಳಿ ಹುಡುಗರಲ್ಲಿ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಲ್ಲಿ ಇಂಥವರಿಲ್ಲವೇ? ಅವರಿಗಾಗಿ ನಮ್ಮ ಬೀದಿ ಉಳಿಸಿಕೊಂಡಿರುವುದು ಬೈಗುಳಗಳನ್ನು ಮಾತ್ರ. ಕೋರ್ಟಿನ ವಾದವೆಲ್ಲ ಇಂಗ್ಲಿಷಿನಲ್ಲಿ ಮುಗಿಯಿತು. ಕನ್ನಡದಲ್ಲಿ ಅದು ಶುರುವೇ ಆಗಿಲ್ಲ. ಶುರು ಮಾಡಬೇಕಾದವರು ನೀವು.

ಒಪ್ಪದಿದ್ದರೆ ವಾದಿಸಿ, ಆದರೆ ಬೈಗುಳ ಬಿಡಿ. ಚೆಂಡು ಈಗ ಸಂಸತ್ತಿನ ಅಂಗಳದಲ್ಲಿದೆ. ನಮ್ಮ 28 ಲೋಕಸಭಾ ಸದಸ್ಯರು ಓಟಿಗೆ ಬಂದಾಗ ನಿಲ್ಲಿಸಿ, ಕನ್ನಡದಲ್ಲೇ ಕೇಳಿ: ಇದರಲ್ಲಿ ನಿಮ್ಮ ನಿಲುವೇನು?