ಸ್ವರಜ್ಞಾನ

ಸ್ವರವನ್ನರಿಯಲು ಕಣ್ಣು ಬೇಕಾಗಿಲ್ಲ. ಅಂಧರಾದ ಪಂಚಾಕ್ಷರಿ ಗವಾಯಿಗಳು (1892-1944) ಕರ್ನಾಟಕ, ಹಿಂದೂಸ್ಥಾನಿ ಪದ್ಧತಿಗಳೆರಡನ್ನೂ ಕಿವಿಯಿಂದಲೇ ಸಾಧಿಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914-2010) ಅಂಧರೇ.

ಕಿವಿಯು ಗುರುತಿಸುವುದು ಬಿಡಿ ನಾದವನ್ನಲ್ಲ, ಷಡ್ಜದೊಡನೆ ಅದಕ್ಕಿರುವ ಸಂಬಂಧವನ್ನು. ಷಡ್ಜವನ್ನೇರಿಸಿದರೆ ಪಂಚಮವೂ ಅದರ ಬೆನ್ನುಹತ್ತಿ ಏರಬೇಕು. ಶ್ರುತಿಗೂಡಿದ ತಂಬೂರಿಯ ಮಂದ್ರತಂತಿಯನ್ನು ಮೀಟಿ ಸುಮ್ಮನೆ ಆಲಿಸಿದರೆ, ಯಾರೂ ನುಡಿಸದ ಶುದ್ಧ ಗಾಂಧಾರವು ತಾನಾಗಿಯೇ ಹೊಮ್ಮುವುದು. ಸಪ್ತಕವನ್ನು 12 ಸಮಪಾಲು ಮಾಡಿದ ಹಾರ್ಮೋನಿಯಂ ಪೆಟ್ಟಿಗೆಯ ಗಾಂಧಾರವಾದರೋ ಇದಕ್ಕಿಂತ ಎತ್ತರ. ಆ ಪಾಲೊಂದರ ಸುಮಾರು ಏಳನೆಯ ಒಂದಂಶದಷ್ಟು. ಅಲ್ಪವೇ ಸರಿ. ಆದರೆ ಪೆಟ್ಟಿಗೆಯನ್ನೇ ನೆಚ್ಚಿ ಬೆಳೆದ ಕಿವಿಗೆ ಈ ಭೇದವು ಕೇಳಿಸದೆಯೇ ಹೋಗಬಹುದು. ಪೆಟ್ಟಿಗೆಯು ಭಜನೆಗೆ ಅನುಕೂಲವೆಂಬುದು ನಿಜ. ಕಲಿಯುವ ಬಾಲಕನ ಕೈಗೆ ಮಾತ್ರ ಮೊದಲು ತಂಬೂರಿಯೇ ಬರಲಿ.