ಅಟ್ಟದಿಂದಿಳಿದ ಪುಸ್ತಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗು ಬೆಳೆಯುವವನ ಮನೆಗೆ ಅಟ್ಟವೇ ಖಜಾನೆ. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಡುತ್ತದೆ; ಅಲುಗಿಸಿದರೆ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಿ ಕಾಲವು ಬೆಳೆಗಾರನ ಪರವಾಗಿ ದುಡಿಯುತ್ತದೆ. ಆದರೆ ಇದೇ ಸೀಮೆಯ ಕೆಲವು ಮನೆಗಳ ಅಟ್ಟದಲ್ಲಿ ಮತ್ತೊಂದು ಸರಕೂ ಉಂಟು. ಅದು ಲೇಖಕನು ಸ್ವಂತ ಹಣದಿಂದ ಅಚ್ಚುಹಾಕಿಸಿದ ಪುಸ್ತಕಗಳ ಕಟ್ಟು. ಅದಕ್ಕೆ ಕಾಲದ ನೆರವಿಲ್ಲ. ಕಾಲದೊಡನೆ ಬರುವುದು ಧೂಳು ಮತ್ತು ಗೆದ್ದಲು ಮಾತ್ರ. ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆಯಿದೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಗೊತ್ತುಮಾಡಿದ್ದರು. ಕವನ ಸಂಕಲನಕ್ಕೆ ಅಂಥ ಬೆಂಬಲ ಬೆಲೆಯನ್ನು ಯಾವ ಸರ್ಕಾರವೂ ಘೋಷಿಸಿದ್ದಿಲ್ಲ.

ಈ ಕಟ್ಟುಗಳನ್ನು ಅಟ್ಟದಿಂದಿಳಿಸಿ ಓದುಗರ ಕೈಗೆ ಮುಟ್ಟಿಸುವುದು ಹೇಗೆ? ಅಂತರಜಾಲವೆಂಬ ಹೊಸ ಸಂತೆ ಈ ಕೆಲಸದಲ್ಲಿ ಲೇಖಕನಿಗೆ ಎಷ್ಟರಮಟ್ಟಿಗೆ ಒದಗಿ ಬಂದೀತು? ಇದನ್ನು ಕುರಿತು ತಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂದಿದ್ದೇನೆ.

ನಮ್ಮ ಭಾಗದಲ್ಲಿ ಬರೆಯುವವರಿಗೆ ಎಂದೂ ಬರವಿರಲಿಲ್ಲ. ಬಿ. ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ತೀ. ನಂ. ಶ್ರೀಕಂಠಯ್ಯನವರ ಹೆಸರಿನ ಮೊದಲಕ್ಷರವೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ. ಬರವಿದ್ದದ್ದು ಪುಸ್ತಕದಂಗಡಿಗಳಿಗೆ. ತಾಲ್ಲೂಕು ಕೇಂದ್ರಗಳಲ್ಲಿ ಪುಸ್ತಕದಂಗಡಿಯೆಂದರೆ ಸಾಮಾನ್ಯವಾಗಿ ನೋಟುಪುಸ್ತಕ, ಗೈಡು, ಪಂಚಾಂಗಗಳ ಅಂಗಡಿ. ಅಲ್ಲಿ ಸ್ಥಳೀಯ ಲೇಖಕನೊಬ್ಬನ ಪ್ರಬಂಧ ಸಂಕಲನಕ್ಕೆ ಗಾಜಿನ ಬೀರುವಿನಲ್ಲಿ ಜಾಗ ದೊರೆತರೆ ಅದು ಅಂಗಡಿಯವರ ದಾಕ್ಷಿಣ್ಯ, ಮಾರಾಟದ ಭರವಸೆಯಲ್ಲ.

ತಾನು ಬರೆದದ್ದನ್ನು ತಾನೇ ಮಾರುವುದು ಸರಸ್ವತಿಗೆ ಅಪಚಾರವೆಂಬ ಭಾವನೆ ನಮ್ಮಲ್ಲಿ ಇಂದಿಗೂ ಇದೆ. ಆದರೆ ಕನ್ನಡದ ಇತಿಹಾಸ ಬೇರೆಯದನ್ನೇ ಹೇಳುತ್ತದೆ. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಗಳಗನಾಥರು ಕಾದಂಬರಿಗಳನ್ನು ಬರೆದದ್ದಷ್ಟೇ ಅಲ್ಲ, ಅವುಗಳ ಗಂಟನ್ನು ಹೊತ್ತು ಊರೂರು ಅಲೆದು ಮಾರಿದರು. ಜಿ. ಪಿ. ರಾಜರತ್ನಂ ಅವರು ಪುಸ್ತಕಗಳ ಚೀಲ ಹಿಡಿದು ವಿದ್ಯಾರ್ಥಿಗಳ ನಡುವೆ ಓಡಾಡುತ್ತಿದ್ದುದನ್ನು ಅವರ ಶಿಷ್ಯರು ಇಂದಿಗೂ ನೆನೆಯುತ್ತಾರೆ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಕಟ್ಟಿದಾಗ ನೆಚ್ಚಿದ್ದು ಮುಂಗಡ ಚಂದಾದಾರರನ್ನು. ಹತ್ತಿರದ ಉದಾಹರಣೆ ಬೇಕೆಂದರೆ, ಕಂಪ್ಯೂಟರ್ ಉದ್ಯಮದಲ್ಲಿದ್ದ ವಸುಧೇಂದ್ರರು 2004ರಲ್ಲಿ ಛಂದ ಪುಸ್ತಕವನ್ನು ಆರಂಭಿಸಿ, ತಮ್ಮ ಕೃತಿಗಳ ಜೊತೆಗೆ ಹೊಸಬರ ಕೃತಿಗಳನ್ನೂ ಓದುಗರಿಗೆ ಮುಟ್ಟಿಸಿದರು. ಇವರಲ್ಲಿ ಯಾರೂ ಮಾರಾಟವನ್ನು ಕೀಳು ಕೆಲಸವೆಂದು ಭಾವಿಸಿದಂತೆ ಕಾಣುವುದಿಲ್ಲ. ಗಳಗನಾಥರ ಹೆಗಲ ಗಂಟಿಗೂ ಇಂದಿನವರ ಕೈಯಲ್ಲಿರುವ ಫೋನಿಗೂ ಉಪಕರಣದ ಭೇದವಷ್ಟೆ. ಓದುಗನನ್ನು ಹುಡುಕಿಕೊಂಡು ಹೋಗುವ ಶ್ರಮ ಒಂದೇ.

ನಾನು 2023ರಲ್ಲಿ ನಮ್ಮ ತಾಲ್ಲೂಕಿನ ಕೆರೆಗಳನ್ನು ಕುರಿತ ಒಂದು ಚಿಕ್ಕ ಪುಸ್ತಕವನ್ನು ನನ್ನ ಖರ್ಚಿನಲ್ಲಿಯೇ ಐನೂರು ಪ್ರತಿ ಅಚ್ಚುಹಾಕಿಸಿದೆ. ಹೆತ್ತವರಿಗೆ ಹೆಗ್ಗಣ ಮುದ್ದೆಂಬುದು ಸತ್ಯವಾದ್ದರಿಂದ ಅದರ ಗುಣವನ್ನು ನಾನು ಹೇಳಲಾರೆ. ಅದನ್ನು ಮಾರುವಾಗ ಕಂಡುಕೊಂಡ ಕೆಲವು ಸಂಗತಿಗಳನ್ನು ಮಾತ್ರ ಹೇಳಬಲ್ಲೆ.

ಮೊದಲನೆಯದು ಲಿಪಿಯ ವಿಚಾರ. ಅಂತರಜಾಲದಲ್ಲಿ ಪುಸ್ತಕವನ್ನು ಹುಡುಕುವವನು ಅಂಗಡಿಗೆ ಬಂದ ಗಿರಾಕಿಯಂತೆ ಕಪಾಟಿನ ಮುಂದೆ ನಿಂತು ಕಣ್ಣಾಡಿಸುವುದಿಲ್ಲ. ಒಂದೆರಡು ಶಬ್ದಗಳನ್ನು ಬರೆದು ಕೇಳುತ್ತಾನೆ. ಯೂನಿಕೋಡಿನಲ್ಲಿಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಅಥವಾ ಬರಿಯ ಮುಖಪುಟದ ಚಿತ್ರದಲ್ಲಿ ಅಡಗಿ ಕುಳಿತ ಹೆಸರು ಅಂಥ ಹುಡುಕಾಟಕ್ಕೆ ಸಿಕ್ಕುವುದು ದುರ್ಲಭ. ಇನ್ನೊಂದು ವಿಚಿತ್ರವೂ ಉಂಟು. ಕನ್ನಡವನ್ನು ಸೊಗಸಾಗಿ ಓದುವ ಅನೇಕರು ಫೋನಿನಲ್ಲಿ ಬರೆಯುವಾಗ ರೋಮನ್ ಲಿಪಿಯನ್ನೇ ಬಳಸುತ್ತಾರೆ. ಆದುದರಿಂದ ಪುಸ್ತಕದ ಹೆಸರು, ಲೇಖಕನ ಹೆಸರು, ಊರಿನ ಹೆಸರು ಮೂರನ್ನೂ ಎರಡು ಲಿಪಿಗಳಲ್ಲಿಯೂ ಪರಿಚಯದಲ್ಲಿ ಸೇರಿಸಬೇಕಾಗುತ್ತದೆ. ಇದು ಭಾಷಾಭಿಮಾನಕ್ಕೆ ಕುಂದಲ್ಲ. ಬಾಗಿಲಿಗೆ ಎರಡು ಕಡೆಯಿಂದಲೂ ದಾರಿ ಬಿಟ್ಟಂತೆ.

ಎರಡನೆಯದು ಪರಿಚಯದ ಮಾತು. 'ಅಪೂರ್ವ ಕೃತಿ, ಎಲ್ಲರೂ ಕೊಂಡು ಓದಬೇಕು' ಎಂಬ ಹೊಗಳಿಕೆಯಿಂದ ಒಂದು ಪ್ರತಿಯೂ ಕದಲಲಿಲ್ಲ. ಮಲ್ಲಾಘಟ್ಟದ ಕೆರೆಯನ್ನು ಕುರಿತ ಅಧ್ಯಾಯವನ್ನು ಪೂರ್ಣವಾಗಿ, ಉಚಿತವಾಗಿ ಓದಲು ಬಿಟ್ಟಾಗ ಜನ ಕೇಳತೊಡಗಿದರು. ಅದೇ ಅಧ್ಯಾಯದ ಒಂದು ಪುಟವನ್ನು ನನ್ನ ಧ್ವನಿಯಲ್ಲಿ ಓದಿ ಫೋನಿನಲ್ಲಿ ಕಳುಹಿಸಿದಾಗ ಇನ್ನೂ ಹೆಚ್ಚು ಮಂದಿ ಕೇಳಿದರು. ಮಾಯಸಂದ್ರದ ಕಡೆಯವರಾದ, ಮಗನೊಡನೆ ಪುಣೆಯಲ್ಲಿ ನೆಲೆಸಿದ್ದ ವೃದ್ಧೆಯೊಬ್ಬರು ಫೋನ್ ಮಾಡಿ, "ಅಕ್ಷರ ದಪ್ಪಗಿವೆಯೇನಪ್ಪಾ? ಸಣ್ಣಗಿದ್ದರೆ ನನಗೆ ಬೇಡ" ಎಂದರು. ಆ ಪ್ರಶ್ನೆಗೆ ಉತ್ತರ ನಾನು ಕೊಟ್ಟಿದ್ದ ಯಾವ ಪರಿಚಯದಲ್ಲಿಯೂ ಇರಲಿಲ್ಲ. ಅಂದಿನಿಂದ ಒಳಪುಟವೊಂದರ ಚಿತ್ರವನ್ನೂ ಪುಟಗಳ ಸಂಖ್ಯೆಯನ್ನೂ ಜೊತೆಗಿಡುತ್ತ ಬಂದಿದ್ದೇನೆ. ಕೊಳ್ಳುವವನು ಅಂಗಡಿಯಲ್ಲಿ ಪುಸ್ತಕವನ್ನು ಕೈಗೆತ್ತಿಕೊಂಡು ತಿರುವಿ ಹಾಕುತ್ತಾನಲ್ಲವೇ, ಆ ಅವಕಾಶವನ್ನು ದೂರದಿಂದಲೂ ಕಲ್ಪಿಸಬೇಕು.

ಮೂರನೆಯದು ಲೆಕ್ಕ. ಉದಾಹರಣೆಗೆ ಇನ್ನೂರು ರೂಪಾಯಿ ಬೆಲೆಯ ಪುಸ್ತಕವೊಂದರ ಮುದ್ರಣಕ್ಕೆ ಪ್ರತಿಗೆ ತೊಂಬತ್ತು ರೂಪಾಯಿ ತಗಲಿತೆಂದು ಇಟ್ಟುಕೊಳ್ಳೋಣ. ದೊಡ್ಡ ಜಾಲಮಳಿಗೆಯ ಮೂಲಕ ಮಾರಿದರೆ ಕಮಿಷನ್ನು, ಸಾಗಣೆ, ಇತರ ಶುಲ್ಕಗಳೆಂದು ಎಂಬತ್ತು ಹೋಯಿತೆನ್ನಿ, ಉಳಿಯುವುದು ಮೂವತ್ತು. ಪುಸ್ತಕ ಮುದುಡಿ ವಾಪಸು ಬಂದರೆ ಆ ಮೂವತ್ತೂ ಇಲ್ಲ. ಅದನ್ನೇ ಓದುಗನಿಗೆ ನೇರವಾಗಿ ಕಳುಹಿಸಿ ಅಂಚೆವೆಚ್ಚವನ್ನು ಆತನಿಂದಲೇ ಪಡೆದರೆ ನೂರರ ಆಸುಪಾಸು ಉಳಿಯುತ್ತದೆ. 2016ರಲ್ಲಿ ಯುಪಿಐ ಬಂದಮೇಲೆ ಹಣ ತಲುಪುವ ತೊಡಕು ಹರಿದುಹೋಗಿದೆ. ಮನಿಯಾರ್ಡರಿನ ಚೀಟಿಗಾಗಿ ಕಾಯಬೇಕಾಗಿಲ್ಲ. ಹಾಗೆಂದು ಜಾಲಮಳಿಗೆಯನ್ನು ಧಿಕ್ಕರಿಸಬೇಕೆಂದು ನಾನು ಹೇಳಲಾರೆ. ಗುರುತಿಲ್ಲದ ಓದುಗ ಪುಸ್ತಕವನ್ನು ಕಾಣುವುದು ಅಲ್ಲಿಯೇ. ಆದರೆ ಕೊಂಡವನ ಸಂಪರ್ಕ ಸಾಮಾನ್ಯವಾಗಿ ಮಳಿಗೆಯ ಬಳಿಯೇ ಉಳಿಯುತ್ತದೆ, ಲೇಖಕನಿಗೆ ದಕ್ಕುವುದಿಲ್ಲ. ನೇರವಾಗಿ ಕೊಂಡವನ ಹೆಸರು ಮಾತ್ರ ಲೇಖಕನ ನೋಟುಪುಸ್ತಕದಲ್ಲಿ ಇರುತ್ತದೆ. ಆತನ ಒಪ್ಪಿಗೆಯಿಂದ ಬರೆದಿಟ್ಟುಕೊಂಡ ಆ ಪಟ್ಟಿಯೇ ಮುಂದಿನ ಪುಸ್ತಕದ ಬಂಡವಾಳ. ಮುಂಗಡ ಚಂದಾದಾರರ ಹಳೆಯ ಪದ್ಧತಿಯ ಸಾರವೂ ಇದೇ. ಈಗಂತೂ ಐವತ್ತು, ನೂರು ಪ್ರತಿಗಳನ್ನಷ್ಟೇ ಮುದ್ರಿಸಿಕೊಡುವ ಡಿಜಿಟಲ್ ಮುದ್ರಣಾಲಯಗಳಿರುವುದರಿಂದ ಮೊದಲು ಓದುಗರನ್ನು ಎಣಿಸಿ ಆಮೇಲೆ ಪ್ರತಿಗಳನ್ನು ಎಣಿಸಬಹುದು. ಪ್ರತಿಯೊಂದರ ಖರ್ಚು ತುಸು ಹೆಚ್ಚಾದರೂ ಗೆದ್ದಲಿಗೆ ಕೊಡುವ ಪಾಲು ತಪ್ಪುತ್ತದೆ.

ನಾಲ್ಕನೆಯದು ಅಂಚೆ. ಪುಸ್ತಕಗಳಿಗೆಂದೇ ಇದ್ದ ಅಗ್ಗದ ನೋಂದಾಯಿತ ಅಂಚೆಯನ್ನು 2024ರ ಡಿಸೆಂಬರಿನಲ್ಲಿ ನಿಲ್ಲಿಸಿದಾಗ ಸಣ್ಣ ಪ್ರಕಾಶಕರೆಲ್ಲ ತಲೆಯ ಮೇಲೆ ಕೈಹೊತ್ತರು. ಮುಂದೆ 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂಬ ಹೊಸ ಸೇವೆ ಆರಂಭವಾಯಿತು. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳನ್ನು ಮುನ್ನೂರು ಗ್ರಾಂವರೆಗೆ ಇಪ್ಪತ್ತು ರೂಪಾಯಿಗೆ, ಐದು ಕಿಲೋವರೆಗೆ ನೂರು ರೂಪಾಯಿಗೆ, ಮೇಲೆ ತೆರಿಗೆ ಸೇರಿಸಿ, ದೇಶದ ಯಾವ ಮೂಲೆಗಾದರೂ ಒಯ್ಯುವ ವ್ಯವಸ್ಥೆಯಾಗಿ ಅದು ಬಂದಿತು. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು, ವ್ಯಾಪಾರದ ಜಾಹೀರಾತು ಇರಕೂಡದು. ಇನ್ನೂರು ಪುಟಗಳ ಸಾಧಾರಣ ಪುಸ್ತಕ ಮುನ್ನೂರು ಗ್ರಾಂ ಮೀರುವುದಿಲ್ಲ. ಆದುದರಿಂದ ಕಾಗದದ ದಪ್ಪವನ್ನು ಆರಿಸುವಾಗಲೇ ಅಂಚೆಯ ತಕ್ಕಡಿಯನ್ನೂ ನೆನಪಿನಲ್ಲಿಟ್ಟುಕೊಳ್ಳುವುದು ಲೇಸು.

ಇವೆಲ್ಲ ವಿಧಾನದ ಮಾತಾಯಿತು. ಇನ್ನು ವಿವೇಕದ ಮಾತು. ವಾಟ್ಸಾಪ್ ಗುಂಪಿನಲ್ಲಿ ಒಮ್ಮೆ ಹೇಳಿದರೆ ಸುದ್ದಿ. ದಿನವೂ ಹೇಳಿದರೆ ಪೀಡೆ. ಪರಸ್ಪರ ಹೊಗಳಿಕೊಳ್ಳುವ ಒಪ್ಪಂದದಿಂದ ಸಂಪಾದಿಸಿದ ಐದು ನಕ್ಷತ್ರಗಳು ಒಬ್ಬ ಓದುಗನನ್ನು ಒಂದು ಸಲ ಮೋಸಗೊಳಿಸಬಹುದು. ಆತ ಎರಡನೆಯ ಪುಸ್ತಕಕ್ಕೆ ಬರುವುದಿಲ್ಲ. ಒಂದು ಹಾನಿ ಇದಕ್ಕಿಂತ ಸೂಕ್ಷ್ಮವಾದದ್ದು. ಎಷ್ಟು ಮಂದಿ ನೋಡಿದರು, ಎಷ್ಟು ಮಂದಿ ಮೆಚ್ಚಿದರು ಎಂಬ ಅಂಕಿಯನ್ನು ಗಳಿಗೆಗೊಮ್ಮೆ ನೋಡುವ ಚಟ ಹತ್ತಿದರೆ ಬರೆಯುವ ಮನಸ್ಸು ಕ್ರಮೇಣ ಆ ಅಂಕಿಗೆ ತಕ್ಕಂತೆ ಬಾಗುತ್ತದೆ. ಇದಕ್ಕಾಗಿ ನಾನು ವಾರಕ್ಕೊಂದು ಸಂಜೆಯನ್ನು ಮಾರಾಟಕ್ಕೆಂದು ಮೀಸಲಿಟ್ಟು, ಉಳಿದ ದಿನಗಳಲ್ಲಿ ಆ ಗೊಡವೆಗೆ ಹೋಗದಂತೆ ನಿಯಮ ಮಾಡಿಕೊಂಡಿದ್ದೇನೆ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಗೂ ಹರಾಜಿನ ದಿನಗಳೆಂದು ಗೊತ್ತಾಗಿರುತ್ತವೆ. ಮಿಕ್ಕ ದಿನಗಳಲ್ಲಿ ಬೆಳೆಗಾರ ತೋಟದಲ್ಲಿರುತ್ತಾನೆ.

ಕೊನೆಯದಾಗಿ, ನನ್ನನ್ನು ಕಾಡುತ್ತಿರುವ ಒಂದು ಸಂಗತಿ. ನನ್ನ ನೋಟುಪುಸ್ತಕದ ವಿಳಾಸಗಳನ್ನು ನೋಡಿದರೆ ಬೆಂಗಳೂರು, ಮೈಸೂರು, ಪುಣೆ, ಹೈದರಾಬಾದುಗಳೇ ಹೆಚ್ಚು. ಕೆರೆಯ ಹೆಸರು ಕೇಳಿ ಕಣ್ಣು ತುಂಬಿಕೊಂಡವರು ಊರು ಬಿಟ್ಟವರು. ಆ ಕೆರೆಗಳ ದಂಡೆಯಲ್ಲಿಯೇ ಬದುಕುತ್ತಿರುವವರ ವಿಳಾಸಗಳು ಒಂದು ಪುಟವನ್ನೂ ತುಂಬಿಸಲಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಿಂದ ಸಮಾಧಾನ ಹೇಳಿಕೊಳ್ಳಬಹುದು. ಆದರೆ ಅಷ್ಟರಿಂದ ವಿಷಯ ಮುಗಿಯುವುದಿಲ್ಲ. ಊರಿನವರಿಗೆ ನಾವು ಬಹುಕಾಲ ಗೌರವ ಪ್ರತಿಯನ್ನೇ ಕೊಡುತ್ತ ಬಂದಿದ್ದೇವೆ. ಬಿಟ್ಟಿ ಬಂದ ಪುಸ್ತಕ ಓದಿಸಿಕೊಳ್ಳುವುದು ಅಪರೂಪ. ಇನ್ನೊಂದೆಡೆ, ಹೂಳು ತುಂಬಿದ ಕೆರೆಯನ್ನು ಉಳಿಸಬೇಕಾದವರು ಪುಣೆಯ ಆ ತಾಯಿಯಲ್ಲ, ಇಲ್ಲಿಯ ರೈತರು, ಇಲ್ಲಿಯ ಶಾಲೆಯ ಮಕ್ಕಳು. ಅವರು ಓದದೆ ಹೋದರೆ ನನ್ನ ಪುಸ್ತಕ ಮಾರಾಟವಾದರೂ ಅದರ ಕೆಲಸ ನಡೆಯಲಿಲ್ಲವೆಂದೇ ಅರ್ಥ.

ಆದುದರಿಂದ ದೂರದವರಿಗೆ ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ಹತ್ತಿರದವರಿಗಾಗಿ ವಿನಿಯೋಗಿಸುವ ಏರ್ಪಾಡು ಮಾಡಿದ್ದೇನೆ. ದೂರದ ಓದುಗರು ಎರಡು ಪ್ರತಿಗಳ ಬೆಲೆ ಕಳುಹಿಸಿದರೆ ಒಂದು ಅವರಿಗೆ, ಇನ್ನೊಂದು ಅವರು ಹೆಸರಿಸಿದ ಇಲ್ಲಿಯ ಶಾಲೆಗೆ ಹೋಗುತ್ತದೆ. ಒಳಗಿನ ಪುಟದಲ್ಲಿ ಕಳುಹಿಸಿದವರ ಊರಿನ ಹೆಸರನ್ನು ಬರೆದಿಡುತ್ತೇನೆ. ಹಲವರು ತಾವು ಕಲಿತ ಶಾಲೆಯನ್ನೇ ಸೂಚಿಸಿದ್ದಾರೆ. ಪ್ರತಿಯನ್ನು ಕೊಡಲು ಹೋದಾಗ ಅಲ್ಲಿಯ ಮೇಷ್ಟ್ರುಗಳನ್ನು ಒಂದು ಮಾತು ಬೇಡಿಕೊಳ್ಳುತ್ತೇನೆ: "ಸ್ವಾಮಿ, ಇದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಹರಿದುಹೋದರೆ ಹೇಳಿ ಕಳುಹಿಸಿ, ಇನ್ನೊಂದು ತಂದುಕೊಡುತ್ತೇನೆ." ಎರಡು ಶಾಲೆಗಳಿಂದ ಈವರೆಗೆ ಹಾಗೆ ಹೇಳಿ ಕಳುಹಿಸಿದ್ದಾರೆ.